ಸೋತರೆ ಡಬಲ್, ಗೆದ್ದರೆ ಎಲ್ಲಾ ವಾಪಸ್: ಈ ರೇಸ್ ಸಿಸ್ಟಮ್‌ನಿಂದ ಭಾವನನ್ನ ಬಿಡಿಸೋದು ಹೇಗೆ?

ಮಿಂಚುಳ್ಳಿ
ನಮ್ಮ ಭಾವ ಕೆಟ್ಟ ಮನುಷ್ಯ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕುಡಿಯಲ್ಲ, ಸಿಡುಕಲ್ಲ, ಅಕ್ಕನ ಮೇಲೆ ಪ್ರಾಣ. ಆದರೆ ಆರು ತಿಂಗಳಿಂದ ಕುದುರೆ ರೇಸಿನ ಹುಚ್ಚು ಹತ್ತಿದೆ. ಮೊದಮೊದಲು ವಾರಕ್ಕೊಂದು ಸಣ್ಣ ಬಾಜಿ. ಈಗ ಫೋನಲ್ಲಿ ಒಬ್ಬ ‘ಗುರು’ ಸಿಕ್ಕಿದ್ದಾನೆ. ಅವನ ಸಿಸ್ಟಮ್ ಇಷ್ಟೇ: ಪ್ರತಿ ರೇಸಿನಲ್ಲೂ ಫೇವರಿಟ್ (ಗೆಲ್ಲುತ್ತೆ ಅಂತ ಜನ ಎಲ್ಲಕ್ಕಿಂತ ಹೆಚ್ಚು ದುಡ್ಡು ಹಾಕೋ ಕುದುರೆ) ಮೇಲೆ ಕಟ್ಟು. ಸೋತರೆ ಮುಂದಿನ ರೇಸಿಗೆ ಡಬಲ್ ಮಾಡು. ಗೆದ್ದ ಕೂಡಲೇ ಮೊದಲಿನ ಮೊತ್ತಕ್ಕೆ ವಾಪಸ್ ಬಾ. ‘ಫೇವರಿಟ್ ಯಾವತ್ತಾದರೂ ಗೆಲ್ಲಲೇಬೇಕಲ್ಲ, ಅವತ್ತಿಗೆ ಹೋದದ್ದೆಲ್ಲ ಬಂತು’ ಅಂತಾನೆ.

ಪೂರ್ತಿ ಪಾಠಕ್ಕೆ ಫೀಸು ಭಾವನ ಎರಡು ತಿಂಗಳ ಸಂಬಳ. ಅದನ್ನ ಕೊಡೋದಕ್ಕೆ ಭಾವ ತಯಾರಾಗಿ ಕೂತಿದ್ದಾರೆ. ಬೇಡ ಅನ್ನೋಣ ಅಂದ್ರೆ ನನ್ನ ಬಾಯಿ ಕಟ್ಟಿಹಾಕಿರೋದು ಒಂದೇ ವಿಷಯ: ಹೋದ ವಾರ ಆ ಗುರು ಪುಕ್ಕಟೆಯಾಗಿ ಮೂರು ಟಿಪ್ಸ್ ಕೊಟ್ಟ, ಮೂರೂ ಗೆದ್ದವು! ನಾನೇ ಕಣ್ಣಾರೆ ನೋಡಿದೆ. ಲೆಕ್ಕದಲ್ಲಿ ನಾನು ಮೊದಲಿಂದಲೂ ದಡ್ಡಿ. ಭಾವನಿಗೆ ಒಪ್ಪಿಸೋ ಹಾಗೆ ಯಾರಾದರೂ ಬಿಡಿಸಿ ಹೇಳ್ತೀರಾ?

ಬಾಲಂಗೋಚಿ
ಅಷ್ಟೆಲ್ಲ ಗೊತ್ತಿರೋ ಗುರುಗೆ ನಿಮ್ಮ ಭಾವನ ಸಂಬಳ ಯಾಕೆ ಬೇಕಂತೆ?

ಲೆಕ್ಕದ ಮೇಷ್ಟ್ರು
ತಂಗೀ, ಒಂದು ಹಾಳೆ ತಗೊಂಡು ಭಾವನ ಮುಂದೆಯೇ ಬರೆಯಮ್ಮ. ದುಡ್ಡು ಎಷ್ಟು ಅನ್ನೋದು ಬೇಡ, ಪಾಲು ಅಂದುಕೊಳ್ಳೋಣ. ಮೊದಲ ಬಾಜಿ 1 ಪಾಲು. ಸೋತರೆ 2, ಆಮೇಲೆ 4, 8, 16, 32, 64, 128, 256, 512. ಹತ್ತು ಸಲ ಸತತ ಸೋತರೆ ಕೈಯಿಂದ ಹೋದದ್ದು 1023 ಪಾಲು. ಹನ್ನೊಂದನೇ ರೇಸಿಗೆ 1024 ಕಟ್ಟಬೇಕು. ಯಾತಕ್ಕೆ? ಒಂದು ಪಾಲು ಲಾಭಕ್ಕೆ!

‘ಫೇವರಿಟ್ ಹತ್ತು ಸಲ ಸತತ ಸೋಲುತ್ತಾ?’ ಅಂತ ಭಾವ ಕೇಳ್ತಾರೆ. ಸ್ಥೂಲವಾಗಿ ಮೂರು ರೇಸಿಗೆ ಒಂದರಲ್ಲಿ ಫೇವರಿಟ್ ಗೆಲ್ಲುತ್ತೆ. ಅಂದರೆ ಸೋಲೋದು ಮೂರರಲ್ಲಿ ಎರಡು. ಮೂರನೇ ಎರಡನ್ನ ಹತ್ತು ಸಲ ಗುಣಿಸಿ, ನೂರಕ್ಕೆ 1.7 ಬರುತ್ತೆ. ಹೆಚ್ಚೂಕಡಿಮೆ 58ಕ್ಕೆ ಒಂದು. ವರ್ಷವಿಡೀ ಆಡುವವನ ಮನೆಗೆ ಅದು ಬಂದೇ ಬರುತ್ತೆ, ಯಾವ ಶನಿವಾರ ಅನ್ನೋದಷ್ಟೇ ಪ್ರಶ್ನೆ.

ಇನ್ನೊಂದು ಹುಳುಕಿದೆ, ಇದನ್ನ ಯಾರೂ ಹೇಳಲ್ಲ. ಡಬಲ್ ಮಾಡಿದರೆ ಹೋದದ್ದೆಲ್ಲ ಬರೋದು ಒಂದಕ್ಕೆ ಒಂದು ಲಾಭ ಇದ್ದಾಗ ಮಾತ್ರ. ಗಟ್ಟಿ ಫೇವರಿಟ್‌ಗೆ ಅಷ್ಟು ಎಲ್ಲಿ ಕೊಡ್ತಾರೆ? ಐದು ಕಟ್ಟಿದರೆ ನಾಲ್ಕು ಲಾಭ ಕೊಡೋ ಕುದುರೆ ಅಂತಿಟ್ಕೋ. 1, 2, 4 ಸೋತು 7 ಹೋಯ್ತು. ನಾಲ್ಕನೇ ಸಲ 8 ಕಟ್ಟಿ ಗೆದ್ದೆ. ಲಾಭ 6.4. ಗೆದ್ದ ಮೇಲೂ 0.6 ಕೈಬಿಟ್ಟಿದೆ.

ರೇಸ್ ರಂಗಣ್ಣ
ಮೇಷ್ಟ್ರೇ, ಪುಸ್ತಕದ ಬದನೆಕಾಯಿ ಬೇರೆ, ಮೈದಾನ ಬೇರೆ. ಬಂಡವಾಳ ಗಟ್ಟಿ ಇದ್ದರೆ ಡಬಲಿಂಗ್ ನಡೆದೇ ನಡೆಯುತ್ತೆ. ನಾನೇ ನಾಲ್ಕು ತಿಂಗಳು ಅದರಲ್ಲೇ ದುಡಿದಿದ್ದೀನಿ.

ಬಾಲಂಗೋಚಿ
ಐದನೇ ತಿಂಗಳು?

ರೇಸ್ ರಂಗಣ್ಣ
ಐದನೇ ತಿಂಗಳ ಕತೆ ಬೇರೆ. ಆ ಕುದುರೆ ಗೇಟು ತೆರೆದರೂ ಅಲ್ಲೇ ನಿಂತುಬಿಡ್ತು. ಅದು ಸಿಸ್ಟಮ್ ತಪ್ಪಲ್ಲ.

ಬಾಲಂಗೋಚಿ
ಕುದುರೆಗೂ ಸಿಸ್ಟಮ್ ಬಗ್ಗೆ ಅನುಮಾನ ಬಂದಿರಬೇಕು 😂

ಹಳೇ ಲಗಾಮು
ಮಿಂಚುಳ್ಳಿಯವರೇ, ಆ ಮೂರು ಪುಕ್ಕಟೆ ಟಿಪ್ಸ್ ವಿಷಯ ನಾನು ಹೇಳ್ತೀನಿ. ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ. ಕೆಲಸ ಇಲ್ಲದೆ ಅಲೆಯುತ್ತಿದ್ದಾಗ ಇಂಥದ್ದೇ ಒಂದು ಕಡೆ ಮೂರು ವಾರ ದುಡಿದೋನು ನಾನು. ಕೆಲಸ ಏನು ಗೊತ್ತಾ? ಫೋನ್ ನಂಬರುಗಳ ಉದ್ದನೆ ಪಟ್ಟಿಗೆ ಬಣ್ಣ ಬಳಿಯೋದು. ಎಂಟು ಕುದುರೆಗಳ ರೇಸಿಗೆ ಎಂಟು ಬಣ್ಣ. ಹಸಿರು ಗುಂಪಿಗೆ ಒಂದನೇ ನಂಬರು ಕುದುರೆ, ಹಳದಿಗೆ ಎರಡನೇದು, ಹೀಗೆ. ಕುದುರೆ ನೋಡಿದೋರು, ರೇಸು ತಿಳಿದೋರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

4096 ಜನರಿಂದ ಶುರು ಮಾಡಿ ಅಂದುಕೊಳ್ಳಿ. ಎಂಟು ಪಾಲು ಮಾಡಿದರೆ ಯಾವ ಕುದುರೆ ಗೆದ್ದರೂ 512 ಜನಕ್ಕೆ ‘ಸರಿಯಾದ’ ಟಿಪ್ ಹೋಗಿರುತ್ತೆ. ಉಳಿದ 3584 ನಂಬರು ಅಳಿಸಿಹಾಕೋದು, ಅವರಿಗೆ ಮತ್ತೆ ಮೆಸೇಜೇ ಇಲ್ಲ. 512ನ್ನು ಎಂಟು ಮಾಡಿ, 64 ಉಳಿಯುತ್ತೆ. ಮೂರನೇ ರೇಸಿಗೆ 8. ಈ ಎಂಟು ಜನ ಮೂರಕ್ಕೆ ಮೂರೂ ಗೆದ್ದದ್ದನ್ನ ಕಣ್ಣಾರೆ ಕಂಡಿರ್ತಾರೆ. ಅವರಿಗೆ ಫೀಸಿನ ಮೆಸೇಜ್ ಹೋಗುತ್ತೆ. ನಿಮ್ಮ ಭಾವ ಆ ಎಂಟರಲ್ಲಿ ಒಬ್ಬರು ಅಷ್ಟೇ. ಅಳಿಸಿಹೋದ ನಾಲ್ಕು ಸಾವಿರ ಜನ ಯಾವನೋ ತಪ್ಪು ನಂಬರು ಅಂತ ಮರೆತೇಬಿಟ್ಟಿರ್ತಾರೆ.

ನನ್ನನ್ನ ಕಾಡೋದು ಏನಂದ್ರೆ, ಆ ಮೂರು ವಾರದಲ್ಲಿ ಒಬ್ಬರೂ ‘ನನಗೆ ಕಳಿಸಿದ ಕುದುರೆಯನ್ನೇ ಬೇರೆಯವರಿಗೂ ಕಳಿಸಿದ್ದೀರಾ?’ ಅಂತ ಕೇಳಲಿಲ್ಲ. ಥ್ಯಾಂಕ್ಸ್ ಹೇಳಿದವರು ಬಹಳ.

ಮಿಂಚುಳ್ಳಿ
ಅಯ್ಯೋ ದೇವ್ರೇ. ಓದಿ ಮೈ ಜುಮ್ ಅಂತು. ಭಾವನಿಗೆ ತೋರಿಸಿದರೆ ‘ನಮ್ಮ ಗುರು ಅಂಥವನಲ್ಲ’ ಅಂದೇ ಅಂತಾರೆ.

ಕಾವೇರಮ್ಮನ ಮಗ
ಇದು ಟಾಪಿಕ್ ಬಿಟ್ಟು ಹೋಗ್ತದೆ, ಕ್ಷಮಿಸಿ. ಕುದುರೆ ಮತ್ತು ಜೂಜು ಅಂದಾಗೆಲ್ಲ ನನಗೆ ನಳನ ಕತೆ ನೆನಪಾಗ್ತದೆ. ಪುಷ್ಕರನ ಹತ್ತಿರ ಪಗಡೆಯಲ್ಲಿ ರಾಜ್ಯ ಕಳಕೊಂಡು ಕಾಡು ಸೇರಿ, ಕೊನೆಗೆ ಬಾಹುಕ ಅನ್ನೋ ಹೆಸರಲ್ಲಿ ಋತುಪರ್ಣನ ಸಾರಥಿ ಆಗ್ತಾನೆ. ರಥ ಓಡ್ತಿರುವಾಗ ಋತುಪರ್ಣ ದಾರಿಬದಿಯ ತಾರೆ ಮರ ತೋರಿಸಿ ಎಲೆ ಎಷ್ಟು, ಕಾಯಿ ಎಷ್ಟು ಅಂತ ಒಂದೇ ನೋಟಕ್ಕೆ ಹೇಳಿಬಿಡ್ತಾನೆ. ನಳ ನಂಬಲ್ಲ, ರಥ ನಿಲ್ಲಿಸಿ ಎಣಿಸಿ ನೋಡ್ತಾನೆ! ಆಮೇಲೆ ಅಶ್ವಹೃದಯ ಕೊಟ್ಟು ಅಕ್ಷಹೃದಯ ಕಲಿತಾನೆ. ಕುದುರೆಯ ಒಳಗುಟ್ಟು ಪೂರ್ತಿ ತಿಳಿದಿದ್ದ ಮನುಷ್ಯನೇ ಜೂಜಲ್ಲಿ ಸೋತಿದ್ದ. ಎಣಿಕೆ ಬಂದ ಮೇಲಷ್ಟೇ ಗೆದ್ದದ್ದು.

ಬಾಲಂಗೋಚಿ
ಋತುಪರ್ಣ ಫೀಸು ಕೇಳಲಿಲ್ಲ ಅನ್ನೋದನ್ನ ಗಮನಿಸಿ.

ಕಾವೇರಮ್ಮನ ಮಗ
ಕೇಳಿದ ಮಾರಾಯ, ಕುದುರೆ ವಿದ್ಯೆ ಈಸ್ಕೊಂಡನಲ್ಲ!

ಟೋಟ್ ಕಿಟಕಿ
ಮೇಷ್ಟ್ರು ಹೇಳಿದ್ದು ಸರಿ, ಆದರೆ ಬುಡದ ವಿಷಯ ಬಿಟ್ಟುಹೋಯ್ತು. ಟೋಟ್‌ನಲ್ಲಿ, ಅಂದರೆ ರೇಸ್‌ಕೋರ್ಸಿನ ಒಟ್ಟು ಬಾಜಿಯಲ್ಲಿ, ನೀವು ಕಟ್ಟೋದು ಪಕ್ಕದಲ್ಲಿ ನಿಂತವನ ವಿರುದ್ಧ. ಎಲ್ಲರ ದುಡ್ಡೂ ಒಂದೇ ಹಂಡೆಗೆ ಬೀಳುತ್ತೆ. ನಡೆಸುವವರು ತಮ್ಮ ಪಾಲು, ತೆರಿಗೆ ಎಲ್ಲ ಮೊದಲೇ ಎತ್ತಿಟ್ಟು ಮಿಕ್ಕಿದ್ದನ್ನ ಗೆದ್ದವರಿಗೆ ಹಂಚ್ತಾರೆ. ದೇಶಕ್ಕೊಂದು ಬಾಜಿಗೊಂದು ಲೆಕ್ಕ ಇದ್ದರೂ ಎತ್ತಿಡೋದು ಬಹಳ ಕಡೆ ನೂರಕ್ಕೆ 15ರಿಂದ 25. ನಡುವೆ 20 ಹಿಡೀರಿ. ನೂರು ಹಿಡಿದು ಹೋಗಿ, ಬಂದದ್ದನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತಾ ಹೋದರೆ ಸರಾಸರಿಯಲ್ಲಿ 80, 64, 51, 41, ಐದನೇ ರೇಸು ಮುಗಿದಾಗ 33. ಯಾರೂ ಮೋಸ ಮಾಡಿಲ್ಲ, ಯಾವ ಜಾಕಿಯೂ ಲಗಾಮು ಎಳೆದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ ಕರಗಿತು ಅಷ್ಟೇ.

ಈ ಹಂಡೆ ಪದ್ಧತಿ ಶುರು ಮಾಡಿದ್ದು 1860ರ ದಶಕದಲ್ಲಿ ಪ್ಯಾರಿಸ್‌ನ ಜೋಸೆಫ್ ಒಲ್ಲೆರ್. ಅದಕ್ಕೆ ತಾನೇ ಲೆಕ್ಕ ಕೂಡಿಸೋ ಆಟೊಮ್ಯಾಟಿಕ್ ಮೆಷಿನ್ ಬಂದದ್ದು 1913ರಲ್ಲಿ, ನ್ಯೂಜಿಲೆಂಡಿನ ಎಲ್ಲರ್ಸ್ಲಿ ರೇಸ್‌ಕೋರ್ಸ್‌ನಲ್ಲಿ. ಜಾರ್ಜ್ ಜೂಲಿಯಸ್ ಅನ್ನೋ ಇಂಜಿನಿಯರು ಅದನ್ನ ಮೊದಲು ಯೋಚಿಸಿದ್ದು ಚುನಾವಣೆಯ ಓಟು ಎಣಿಸೋಕಂತೆ. ಸರ್ಕಾರಕ್ಕೆ ಬೇಡವಾಯ್ತು, ರೇಸಿನವರಿಗೆ ಬೇಕಾಯ್ತು.

ಮುಖ್ಯ ಮಾತು: ಟೋಟ್‌ನಲ್ಲಿ ಒಂದು ಕುದುರೆ ಮೇಲೆ ಜನ ಮುಗಿಬಿದ್ದಷ್ಟೂ ಅದರ ಡಿವಿಡೆಂಡ್ (ಗೆದ್ದರೆ ಕೈಗೆ ಬರೋ ಮೊತ್ತ) ಇಳಿಯುತ್ತೆ. ನಿಜವಾಗಲೂ ಕೆಲಸ ಮಾಡೋ ಸಿಸ್ಟಮ್ ಒಂದಿದೆ ಅಂತಲೇ ಇಟ್ಕೊಳ್ಳಿ. ಅದನ್ನ ಸಾವಿರ ಜನಕ್ಕೆ ಮಾರಿದ ದಿನವೇ ಅದು ಸತ್ತಿತು.

ಗೆರೆ ದಾಟಿದವ
ಬುಕ್ಕಿ ಹತ್ತಿರ ಹಾಗಲ್ಲವಲ್ಲ? ಅಲ್ಲಿ ಕಟ್ಟಿದಾಗ ಹೇಳಿದ ರೇಟೇ ಕೊನೆ.

ಟೋಟ್ ಕಿಟಕಿ
ರೇಟು ಬದಲಾಗಲ್ಲ, ನಿಜ. ಅವನ ಪಾಲು ಆ ರೇಟಿನೊಳಗೇ ಕೂತಿರುತ್ತೆ. ಸರಿಸಮ ನಾಲ್ಕು ಕುದುರೆ ಇದ್ದರೆ ನ್ಯಾಯದ ರೇಟು ಒಂದಕ್ಕೆ ಮೂರು. ಅವನು ಕೊಡೋದು ಎರಡಕ್ಕೆ ಐದು, ಅಂದರೆ ಒಂದಕ್ಕೆ ಎರಡೂವರೆ. ಆ ರೇಟಿನ ಪ್ರಕಾರ ಪ್ರತಿ ಕುದುರೆಯ ಸಾಧ್ಯತೆ ನೂರಕ್ಕೆ 28.57. ನಾಲ್ಕನ್ನೂ ಕೂಡಿಸಿದರೆ 114.3. ನೂರು ದಾಟಿದ ಆ 14.3 ಯಾರ ಜೇಬಿಗೆ ಅಂತ ಕೇಳಬೇಡಿ.

ಧಾರವಾಡಿ ಪೇಢೇದಾರಿ ಅಲ್ಲ
ಮತ್ತ ಈ ಫೇವರಿಟ್ ಬಿಟ್ಟು ದೊಡ್ಡ ರೇಟಿನ ಕುದುರಿಗೆ ಕಟ್ಟಿದ್ರ ಹೆಂಗ್ರೀ? ಒಂದು ಬಂದ್ರ ಸಾಕಲ್ಲ.

ಲೆಕ್ಕದ ಮೇಷ್ಟ್ರು
ಅದು ಇನ್ನೂ ಕೆಟ್ಟದ್ದು. 1949ರಲ್ಲೇ ಗ್ರಿಫಿತ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ರೇಸಿನ ಫಲಿತಾಂಶಗಳನ್ನ ಹರಡಿಕೊಂಡು ಕೂತು ನೋಡಿದ: ಜನ ದೊಡ್ಡ ರೇಟಿನ ಕುದುರೆಗೆ ಅದರ ಯೋಗ್ಯತೆ ಮೀರಿ ಕಟ್ತಾರೆ, ಫೇವರಿಟ್‌ಗೆ ಕಡಿಮೆ ಕಟ್ತಾರೆ. ಆಮೇಲೆ ಬಹಳ ದೇಶಗಳಲ್ಲಿ ಇದೇ ಕಂಡಿದೆ. ಸುಮ್ಮನೆ ಫೇವರಿಟ್‌ಗೇ ಕಟ್ಟುತ್ತಿದ್ದರೆ ನಿಧಾನಕ್ಕೆ ಮುಳುಗ್ತೀರಿ, ದೊಡ್ಡ ರೇಟಿಗೆ ಕಟ್ಟುತ್ತಿದ್ದರೆ ಬೇಗ.

ರೇಸ್ ರಂಗಣ್ಣ
ಎಲ್ಲರೂ ಸೋಲ್ತಾರೆ ಅಂತ ಭಜನೆ ಮಾಡ್ತೀರಲ್ಲ, ಬಿಲ್ ಬೆಂಟರ್ ಹೆಸರು ಕೇಳಿದ್ದೀರಾ? ಹಾಂಗ್‌ಕಾಂಗ್ ರೇಸಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೋಟಿಗಟ್ಟಲೆ ಬಾಚಿದೋನು. ಅವನದೂ ಸಿಸ್ಟಮ್ಮೇ.

ಹಳೇ ಲಗಾಮು
ಕೇಳಿದ್ದೀವಿ ರಂಗಣ್ಣ. ಬೆಂಟರ್ 1980ರ ದಶಕದಲ್ಲಿ ಅಲ್ಲಿಗೆ ಹೋದಾಗ ಇಸ್ಪೀಟಿನ ಬ್ಲ್ಯಾಕ್‌ಜ್ಯಾಕ್‌ನಲ್ಲಿ ಎಲೆ ಎಣಿಸಿ ಪಳಗಿದ್ದ. ಆದರೂ ಶುರುವಿನಲ್ಲಿ ಸೋತ. ಪ್ರತಿ ಕುದುರೆಯ ಪ್ರತಿ ಓಟದ ವಿವರ ತುಂಬಿಸೋಕೆ ಜನ ಬೇಕಾಯ್ತು, ವರ್ಷಗಳು ಬೇಕಾದವು. 1994ರಲ್ಲಿ ತಾನೇ ಒಂದು ಪ್ರಬಂಧ ಬರೆದು ವಿಧಾನ ವಿವರಿಸಿದ್ದಾನೆ. ಅದರಲ್ಲಿ ನನಗೆ ಹಿಡಿಸಿದ್ದು ಇದು: ಅವನ ಮಾದರಿ ಒಂದೇ ಸಾಲದೆ, ಜನ ಕಟ್ಟಿದ ರೇಟನ್ನೂ ಅದರೊಳಗೆ ಬೆರೆಸಿಕೊಂಡ. ಅಂಥವನೇ ಜನರ ತೀರ್ಪನ್ನ ತಳ್ಳಿಹಾಕಲಿಲ್ಲ. ಮತ್ತೆ, ಸೋತಾಗ ಡಬಲ್ ಮಾಡೋದು ಅವನ ವಿಧಾನದಲ್ಲಿ ಎಲ್ಲೂ ಇಲ್ಲ. 1956ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಕೆಲಿ ಬರೆದ ಸೂತ್ರದ ದಾರಿ ಅವನದು: ನಿನಗೆ ಎಷ್ಟು ಮೇಲುಗೈ ಇದೆಯೋ ಅಷ್ಟಕ್ಕೆ ತಕ್ಕ ಪಾಲು ಕಟ್ಟು, ಬಂಡವಾಳ ಕರಗಿದರೆ ಬಾಜಿಯೂ ಕರಗಲಿ. ಭಾವನ ಗುರು ಹೇಳೋದಕ್ಕೆ ಪೂರಾ ತಿರುಗುಮುರುಗು.

ಅಂದಹಾಗೆ ಆ ಪ್ರಬಂಧ ಓದೋಕೆ ಎರಡು ತಿಂಗಳ ಸಂಬಳ ಬೇಕಿಲ್ಲ.

ಗೆರೆ ದಾಟಿದವ
ನಾನೂ ಒಂದು ಸಿಸ್ಟಮ್ ‘ಕಂಡುಹಿಡಿದಿದ್ದೆ’. ನಗಬೇಡಿ. ಎರಡು ವರ್ಷದ ಹಳೇ ಫಲಿತಾಂಶ ಕೂಡಿಹಾಕಿ ರಾತ್ರಿಯೆಲ್ಲ ಜರಡಿ ಹಿಡಿದೆ. ಮೂರನೇ ಗೇಟು, ಹೆಣ್ಣುಕುದುರೆ, ಹಿಂದಿನ ಓಟದಲ್ಲಿ ಎರಡನೇ ಸ್ಥಾನ, ನೆಲ ಒದ್ದೆ. ಈ ನಾಲ್ಕೂ ಕೂಡಿದಾಗ ಒಂದೊಂದು ಪಾಲು ಕಟ್ಟಿದ್ದರೆ ಎರಡು ವರ್ಷಕ್ಕೆ 29 ಪಾಲು ಲಾಭ! ಬೆಳಗಿನ ಜಾವ ಹೆಂಡತಿಯನ್ನ ಎಬ್ಬಿಸಿ ತೋರಿಸಿದೆ. ಅವಳು ಕಣ್ಣು ಉಜ್ಜಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿ, ‘ಇಲ್ಲೊಂದು ಒಂದಕ್ಕೆ 33ರ ಕುದುರೆ ಗೆದ್ದಿದೆಯಲ್ಲ, ಅದನ್ನ ಬಿಟ್ಟರೆ ಎಷ್ಟು?’ ಅಂದಳು. 29ರಲ್ಲಿ 33 ಕಳೆದೆ. ಅವಳು ಮಗ್ಗುಲು ತಿರುಗಿ ಮಲಗಿದಳು.

ಲೆಕ್ಕದ ಮೇಷ್ಟ್ರು
ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಳೇ ಫಲಿತಾಂಶವನ್ನ ಸಾಕಷ್ಟು ಹೊತ್ತು ಹಿಂಡಿದರೆ ಏನು ಬೇಕಾದರೂ ಒಪ್ಪಿಕೊಳ್ಳುತ್ತೆ.

ಧಾರವಾಡಿ ಪೇಢೇದಾರಿ ಅಲ್ಲ
ಖರೇ ಖರೇ ಗಟ್ಟಿ ಕುದುರಿ ಇರ್ತಾವಲ್ರಿ. ಅಂಥಾವ್ಕಷ್ಟ ಕಟ್ಟಿದ್ರ?

ಟೋಟ್ ಕಿಟಕಿ
ಅಮೆರಿಕದ 1973ರ ಬೆಲ್ಮಾಂಟ್ ರೇಸಿನಲ್ಲಿ ಸೆಕ್ರೆಟೇರಿಯಟ್ ಅನ್ನೋ ಕುದುರೆ 31 ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದ. ಅದಕ್ಕಿಂತ ಗಟ್ಟಿ ಕುದುರೆ ಎಲ್ಲಿಂದ ತರ್ತೀರಿ? 2 ಡಾಲರ್ ಟಿಕೆಟ್ಟಿಗೆ ಬಂದದ್ದು 2.20. ಗೆದ್ದ ಟಿಕೆಟ್ಟುಗಳಲ್ಲಿ 5617 ಟಿಕೆಟ್ಟನ್ನ ಜನ ದುಡ್ಡು ಮಾಡಿಸದೆ ನೆನಪಿಗೆ ಅಂತ ಇಟ್ಟುಕೊಂಡರು.

ಕಾವೇರಮ್ಮನ ಮಗ
ಗಟ್ಟಿ ಕುದುರೆಯೂ ಸೋಲ್ತದೆ. ಮ್ಯಾನ್ ಓ ವಾರ್ 21 ಓಟದಲ್ಲಿ 20 ಗೆದ್ದ. ಸೋತದ್ದು 1919ರಲ್ಲಿ ಒಂದೇ ಸಲ, ಅದೂ ಅಪ್‌ಸೆಟ್ ಅನ್ನೋ ಹೆಸರಿನ ಕುದುರೆಗೆ. ಅನಿರೀಕ್ಷಿತ ಸೋಲಿಗೆ ಅಪ್‌ಸೆಟ್ ಅನ್ನೋ ಮಾತು ಬಂದದ್ದೇ ಅಲ್ಲಿಂದ.

ಲೆಕ್ಕದ ಮೇಷ್ಟ್ರು
ಮೊದಲರ್ಧ ಸರಿ, ಕೊನೆಯದು ತಪ್ಪು. ಆ ಪದ ಆ ಅರ್ಥದಲ್ಲಿ ಅದಕ್ಕೂ ಹಿಂದಿನ ಪತ್ರಿಕೆಗಳಲ್ಲೇ ಇದೆ. ಕುದುರೆಗೆ ಹೆಸರು ಮಾತ್ರ ಚೆನ್ನಾಗಿ ಹೊಂದಿತು.

ಬಾಲಂಗೋಚಿ
‘ಇಷ್ಟು ಸೋತಾಯ್ತು, ಇನ್ನು ಗೆಲ್ಲಲೇಬೇಕು’ ಅನ್ನೋರಿಗೆ ಮಾಂಟೆ ಕಾರ್ಲೋ ಕ್ಯಾಸಿನೊ ಕತೆ ಹೇಳಿ ಯಾರಾದ್ರೂ.

ಲೆಕ್ಕದ ಮೇಷ್ಟ್ರು
1913ರ ಆಗಸ್ಟ್ 18. ರೂಲೆಟ್ ಚಕ್ರದಲ್ಲಿ ಕಪ್ಪು 26 ಸಲ ಸತತ ಬಂತು. ಈಗ ಕೆಂಪು ಬರಲೇಬೇಕು ಅಂತ ಜನ ಕೆಂಪಿನ ಮೇಲೆ ಸುರಿದು ಸುರಿದು ಬರಿಗೈ ಆದರು. ಚಕ್ರಕ್ಕೆ ಹಿಂದಿನದು ನೆನಪಿರಲ್ಲ. ಈ ರೇಸಿನ ಫೇವರಿಟ್‌ಗೂ ಹಿಂದಿನ ಒಂಬತ್ತು ಫೇವರಿಟ್ ಸೋತ ಸುದ್ದಿ ಗೊತ್ತಿರಲ್ಲ.

ಮೌನಿ
ಇಲ್ಲಿ ಬರೆಯೋದು ಕಡಿಮೆ ನಾನು. ಇವತ್ತು ಬರೀತೀನಿ.

ತಂಗೀ, ಲೆಕ್ಕ ಎಲ್ಲ ಸರಿ. ನನಗೂ ಲೆಕ್ಕ ಬರ್ತಿತ್ತು. ಬಾಜಿ ಚೀಟಿಗಳನ್ನ ಶೂ ಒಳಗೆ, ಅಡಿಯ ಅಟ್ಟೆ ಎತ್ತಿ ಇಡ್ತಿದ್ದೆ. ನಡೆದಾಗ ಸರಸರ ಅನ್ನೋದು. ಒಂದು ದಿನ ಮಗಳು ‘ಅಪ್ಪ, ನಿನ್ನ ಶೂ ಮಾತಾಡುತ್ತೆ’ ಅಂದಳು. ಆಗಲೂ ನಿಲ್ಲಿಸಲಿಲ್ಲ. ಆಗ ನಾನು ಆಡ್ತಿದ್ದದ್ದು ಗೆಲ್ಲೋಕಲ್ಲ, ಹೋದದ್ದನ್ನ ಯಾರಿಗೂ ಗೊತ್ತಾಗೋ ಮೊದಲು ತಂದಿಡೋಕೆ. ಡಬಲ್ ಮಾಡು ಅನ್ನೋ ಮಾತು ಅಂಥ ಮನುಷ್ಯನ ಕಿವಿಗೆ ಬೀಳಲೇಬಾರದು.

ಹಾಗಾಗಿ ಮೊದಲು ಮೆತ್ತಗೆ ಕೇಳಿ: ಈಗಾಗಲೇ ಎಷ್ಟು ಹೋಗಿದೆ, ಸಾಲ ಇದೆಯಾ. ನಾಲ್ಕು ಜನರ ಮುಂದೆ ಕೇಳಬೇಡಿ, ದಡ್ಡ ಅನ್ನಬೇಡಿ. ಹೌದು ಅಂದರೆ ಸ್ವಲ್ಪ ದಿನ ಕಾರ್ಡು, ಬ್ಯಾಂಕಿನ ವಹಿವಾಟು ಅಕ್ಕನ ಕೈಯಲ್ಲಿರಲಿ. ಆದರೆ ಸಾಲ ತೀರಿಸೋಕೆ ಅವರ ಕೈಗೇ ನೋಟು ಕೊಡಬೇಡಿ, ಸಾಲ ಕೊಟ್ಟವರಿಗೇ ನೇರ ಕಟ್ಟಿ. ನನಗೆ ಸಹಾಯ ಆದದ್ದು ಒಬ್ಬ ಆಪ್ತಸಮಾಲೋಚಕರು, ಆಮೇಲೆ ನನ್ನಂಥವರೇ ಸೇರುವ ಗುಂಪು. ಗ್ಯಾಂಬ್ಲರ್ಸ್ ಅನಾನಿಮಸ್ 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದದ್ದು, ಈಗ ಬಹಳ ದೇಶಗಳಲ್ಲಿದೆ.

ಮಿಂಚುಳ್ಳಿ
ಅಣ್ಣಾ, ನಿಮ್ಮ ಮಾತು ಎರಡು ಸಲ ಓದಿದೆ. ಸಾಲ ಇನ್ನೂ ಇಲ್ಲ ಅಂತ ಅಕ್ಕ ಹೇಳ್ತಾಳೆ. ಕೇಳ್ತೀನಿ, ಒಬ್ಬರೇ ಇದ್ದಾಗ.

ಹಳೇ ಲಗಾಮು
ಎರಡು ಕೆಲಸ ಮಾಡಿ. ಒಂದು, ಭಾವನಿಗೆ ಒಂದು ನೋಟ್‌ಬುಕ್ ಕೊಡಿ. ಸಿಸ್ಟಮ್ ಹೇಳಿದಂತೆಯೇ ಆಡಲಿ, ಆದರೆ ಕಾಗದದ ಮೇಲೆ, ದುಡ್ಡಿಲ್ಲದೆ. ರೇಸು ಶುರುವಾಗೋ ಮೊದಲೇ ಕುದುರೆ, ರೇಟು, ಎಷ್ಟು ಪಾಲು ಅಂತ ಬರೀಬೇಕು. ಪೆನ್ನಲ್ಲಿ. ಪೆನ್ಸಿಲ್ ಕೊಟ್ಟರೆ ಎಲ್ಲರೂ ಬೆಂಟರ್ ಆಗ್ತಾರೆ. ಎರಡನೇದು, ಅಕ್ಕನ ಫೋನಿಂದ ಅದೇ ಗುರುಗೆ ಹೊಸಬರ ಹಾಗೆ ಒಂದು ಮೆಸೇಜ್ ಹಾಕಿಸಿ. ಪುಕ್ಕಟೆ ಟಿಪ್ ಕೇಳಿ, ಸುಮ್ಮನಿರಿ.

ರೇಸ್ ರಂಗಣ್ಣ
ನೋಟ್‌ಬುಕ್ ನಾನೂ ಇಡ್ತೀನಿ. ನೋಡೇಬಿಡೋಣ.

ಬಾಲಂಗೋಚಿ
ರಂಗಣ್ಣ, ಪೆನ್ನು!

ಮಿಂಚುಳ್ಳಿ
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಭಾವ ಮೊದಲು ಮುಖ ಊದಿಸಿಕೊಂಡರು. ‘ಕಾಗದದ ಮೇಲೆ ಗೆದ್ದರೆ ಆ ದುಡ್ಡು ನೀನು ಕೊಡ್ತೀಯಾ?’ ಅಂದರು. ಆಮೇಲೆ ಬರೆದರು, ಅಚ್ಚುಕಟ್ಟಾಗಿ ಗೆರೆ ಹಾಕಿ. ಮೊದಲ ವಾರ ಸಣ್ಣಸಣ್ಣ ಲಾಭ, ನನ್ನನ್ನ ನೋಡಿ ನಗೋದು. ಎರಡನೇ ಶನಿವಾರ ಫೇವರಿಟ್‌ಗಳು ಸಾಲಾಗಿ ಬಿದ್ದವು. ಮರುದಿನಕ್ಕೂ ಮುಂದುವರೀತು. ಒಂಬತ್ತು ರೇಸು. 256ರ ಮುಂದೆ ತಪ್ಪು ಗುರುತು ಹಾಕಿ, ಮುಂದಿನ ಸಾಲಿನಲ್ಲಿ 512 ಅಂತ ಬರೀಬೇಕು. ಪೆನ್ನು ಹಿಡ್ಕೊಂಡು ಸುಮ್ಮನೆ ಕೂತರು. ‘ಸುಳ್ಳು ದುಡ್ಡಲ್ವಾ ಭಾವ, ಬರೀರಿ’ ಅಂದೆ. ‘ಕೈ ಬರ್ತಿಲ್ಲ ಕಣೇ’ ಅಂದರು. ಕೊನೆಗೆ ಬರೆದರು. ಆ ರೇಸಿನಲ್ಲಿ ಫೇವರಿಟ್ ಗೆಲ್ತು! ಎದ್ದು ಕುಣಿದೇಬಿಟ್ಟರು. ಆಮೇಲೆ ಲೆಕ್ಕಕ್ಕೆ ಕೂತರು. ಐದಕ್ಕೆ ನಾಲ್ಕರ ರೇಟು. ಬಂದದ್ದು 409.6, ಅದಕ್ಕೆ ಮುಂಚೆ ಹೋದದ್ದು 511. ಮೂರು ಸಲ ಕೂಡಿ ಕಳೆದು ನೋಡಿದರು, ಮೂರು ಸಲವೂ 101.4 ಕಮ್ಮಿ. ಮೇಷ್ಟ್ರೇ, ನಿಮ್ಮ ಆ 0.6 ಇಲ್ಲಿಗೆ ಬಂದು ನಿಂತಿತ್ತು.

ಅಕ್ಕನ ಫೋನಿನ ಕೆಲಸವೂ ಆಯ್ತು. ಅದೇ ದಿನ, ಅದೇ ರೇಸಿಗೆ ಗುರು ಭಾವನಿಗೆ ಐದನೇ ನಂಬರು ‘ಪಕ್ಕಾ’ ಅಂತ ಕಳಿಸಿದ್ದ. ಅಕ್ಕನಿಗೆ ಎರಡನೇ ನಂಬರು ‘ನೂರಕ್ಕೆ ನೂರು’ ಅಂತ. ಎರಡೂ ಫೋನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಭಾವ ಒಂದು ಮಾತೂ ಆಡಲಿಲ್ಲ. ಫೀಸು ಕಟ್ಟಿಲ್ಲ. ರೇಸು ನೋಡೋದು ಬಿಟ್ಟಿದ್ದಾರೆ ಅಂತ ನಾನು ಹೇಳಲ್ಲ.

ಹಳೇ ಲಗಾಮು
ಎರಡು ಬಣ್ಣ. ಇನ್ನೂ ಆರು ಎಲ್ಲೆಲ್ಲಿ ಹೋಗಿವೆಯೋ.

ಮೌನಿ
ಅವರು ಮಾತಾಡದೆ ಕೂತಾಗ ಪಕ್ಕದಲ್ಲಿ ಕೂತಿರಿ ತಂಗೀ.

ಬಾಲಂಗೋಚಿ
ರಂಗಣ್ಣನ ನೋಟ್‌ಬುಕ್ ಎಲ್ಲಿ?

ರೇಸ್ ರಂಗಣ್ಣ
ಮನೆ ಬದಲಾಯಿಸುವಾಗ ಎಲ್ಲೋ ಸೇರಿಕೊಂಡಿದೆ, ಹುಡುಕ್ತಿದ್ದೀನಿ. ಅದಿರಲಿ ಮಿಂಚುಳ್ಳಿ, ಆ ಎರಡನೇ ನಂಬರು ಗೆಲ್ತಾ?

ಮಿಂಚುಳ್ಳಿ
ಭಾವನೂ ಅದನ್ನೇ ಕೇಳಿದರು.